ಕಿವಿ ಪರೀಕ್ಷೆಯ ನೆಪ

ಪೀಣ್ಯದಲ್ಲಿ ಮೆಟ್ರೋ ಕಂಬಗಳು ಇನ್ನೂ ಬರಿದಾಗಿ ನಿಂತಿದ್ದ ವರ್ಷಗಳಲ್ಲಿ ನಾನು ಅಲ್ಲಿನ ಒಂದು ಫೋರ್ಜಿಂಗ್ ಕಾರ್ಖಾನೆಗೆ ವಾರಕ್ಕೆ ಎರಡು ದಿನ ಆಪ್ತ ಸಮಾಲೋಚಕನಾಗಿ ಹೋಗುತ್ತಿದ್ದೆ. ಕಾದು ಕೆಂಪಾದ ಕಬ್ಬಿಣವನ್ನು ಸುತ್ತಿಗೆ ಯಂತ್ರದ ಕೆಳಗಿಟ್ಟು ಬಡಿದು ಟ್ರ್ಯಾಕ್ಟರಿನ ಬಿಡಿಭಾಗ ಮಾಡುವ ಕಾರ್ಖಾನೆ ಅದು. ಸುತ್ತಿಗೆ ಬಿದ್ದಾಗಲೆಲ್ಲ ಕ್ಯಾಂಟೀನಿನ ಲೋಟಗಳಲ್ಲಿ ಟೀ ನಡುಗುತ್ತಿತ್ತು. ನನಗೆ ಕೊಟ್ಟ ಕೋಣೆ ಎಚ್.ಆರ್. ಆಫೀಸಿಗೂ ಕ್ಯಾಂಟೀನಿಗೂ ನಡುವೆ ಇತ್ತು. ಬಾಗಿಲ ಮೇಲೆ ‘ಆಪ್ತ ಸಮಾಲೋಚನೆ’ ಎಂದು ದಪ್ಪ ಅಕ್ಷರದ ಬೋರ್ಡು. ಅಂದರೆ ಊಟಕ್ಕೆ ಸಾಲು ನಿಂತ ಇಡೀ ಪಾಳಿಯ ಕಣ್ಣೆದುರು ಒಬ್ಬ ಗಂಡಸು ಆ ಬಾಗಿಲು ತಳ್ಳಿಕೊಂಡು ಒಳಗೆ ಬರಬೇಕು. ಅಷ್ಟು ಧೈರ್ಯ ಇದ್ದವನಿಗೆ ನನ್ನ ಅಗತ್ಯವೇ ಇರುತ್ತಿರಲಿಲ್ಲ.

ಮೊದಲ ಕೆಲವು ವಾರ ಬಂದವರೆಂದರೆ, ಇ.ಎಸ್.ಐ. ಕಾರ್ಡಿನಲ್ಲಿ ತಂದೆಯ ಹೆಸರು ತಪ್ಪಾಗಿದೆ ಎಂದ ಒಬ್ಬ, ಫ್ಯಾನಿನ ಕೆಳಗೆ ಕೂತು ಬೆವರು ಆರಿಸಿಕೊಂಡು “ಥ್ಯಾಂಕ್ಸ್ ಸಾರ್” ಎಂದು ಎದ್ದುಹೋದ ಇನ್ನೊಬ್ಬ. ಹಾಗೆ ಎದ್ದುಹೋದವನನ್ನೂ ಕ್ಯಾಂಟೀನಿನಲ್ಲಿ ಬಿಡಲಿಲ್ಲ. “ಏನ್ ಗುರು, ನಟ್ ಲೂಸಾ? ಟೈಟ್ ಮಾಡಿಸ್ಕೊಂಡ್ ಬಂದ್ಯಾ?” ಎಂದು ರೇಗಿಸಿದ್ದು ಗೋಡೆಯ ಈಚೆ ಕೂತ ನನಗೆ ಸ್ಪಷ್ಟವಾಗಿ ಕೇಳಿಸಿತು. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಬೋರ್ಡು ಕಿತ್ತು ಅವರ ತಟ್ಟೆಯ ಮೇಲೆ ಎಸೆಯಬೇಕು ಅನ್ನಿಸಿತ್ತು.

ದಾರಿ ತೋರಿಸಿದ್ದು ಪ್ರಥಮ ಚಿಕಿತ್ಸೆ ಕೋಣೆಯ ಸಿಸ್ಟರ್. ಆ ಕಾರ್ಖಾನೆಯಲ್ಲಿ ಬಹಳ ವರ್ಷ ಕಳೆದಿದ್ದ ನರ್ಸ್ ಆಕೆ. “ಸಾರ್, ನಿಮ್ಮ ರೂಮಿಗೆ ಯಾರೂ ಬರಲ್ಲ, ನನ್ ಹತ್ರ ಬರ್ತಾರೆ” ಅಂದರು. “ಗ್ಯಾಸ್ಟ್ರಿಕ್ ಅಂತಾರೆ, ತಲೆನೋವು ಅಂತಾರೆ. ಮಾತ್ರೆ ಕೊಟ್ರೂ ಹೋಗಲ್ಲ, ಅಲ್ಲೇ ನಿಂತಿರ್ತಾರೆ. ಸುಮ್ನೆ ನಿಂತಿರೋರಿಗೆ ಇನ್ನೇನ್ ಕೊಡ್ಲಿ ನಾನು?” ಆಮೇಲೆ ತಮ್ಮ ಕೋಣೆಯ ಮೂಲೆಯಲ್ಲಿದ್ದ ಕಿವಿ ಪರೀಕ್ಷೆಯ ಪೆಟ್ಟಿಗೆಯತ್ತ ಕೈ ತೋರಿಸಿದರು.

ಸುತ್ತಿಗೆ ಶಬ್ದದಲ್ಲಿ ದುಡಿಯುವವರಿಗೆಲ್ಲ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಆಗಬೇಕು. ಅದಕ್ಕೆಂದೇ ಆ ಪೆಟ್ಟಿಗೆ. ದಪ್ಪ ಗೋಡೆ, ದಪ್ಪ ಬಾಗಿಲು, ಒಂದೇ ಒಂದು ಕುರ್ಚಿ, ಒಂದು ಗಾಜಿನ ಕಿಟಕಿ. ಬಾಗಿಲು ಹಾಕಿದರೆ ಸುತ್ತಿಗೆಯ ಸದ್ದು ಕೂಡ ದೂರದ ಊರಿನದು ಅನ್ನಿಸುತ್ತಿತ್ತು. ಒಳಗೆ ಕೂತವನ ಕಿವಿಗೆ ಹೆಡ್‌ಫೋನ್, ಕೈಗೆ ಒಂದು ಗುಂಡಿ. ಹೊರಗೆ ಯಂತ್ರದ ಮುಂದೆ ಕೂತವರು ಸಣ್ಣ ಸದ್ದು ಬಿಡುತ್ತಾರೆ, ಕೇಳಿಸಿದರೆ ಆತ ಗುಂಡಿ ಒತ್ತುತ್ತಾನೆ, ಹೊರಗಿನ ಯಂತ್ರದಲ್ಲಿ ದೀಪ ಹತ್ತುತ್ತದೆ. ಕೇಳಿಸಿದರೆ ಸದ್ದನ್ನು ಇನ್ನಷ್ಟು ತಗ್ಗಿಸುವುದು, ಕೇಳಿಸದಿದ್ದರೆ ತುಸು ಏರಿಸುವುದು. ಮೊದಲು ಬಲಗಿವಿ, ಆಮೇಲೆ ಎಡಗಿವಿ. ಸದ್ದು ಬಿಡುವ ಕೈ ಕಂಡರೆ ಆತ ಊಹೆಯ ಮೇಲೆ ಒತ್ತಿಬಿಡಬಹುದು. ಅದಕ್ಕೇ ಕುರ್ಚಿಯನ್ನು ಗಾಜಿಗೆ ಬೆನ್ನು ಮಾಡಿ ಹಾಕಿರುತ್ತಾರೆ. ಮಾತಾಡಲು ಎರಡೂ ಕಡೆ ಮೈಕು, ಕೇಳಿಸಿಕೊಳ್ಳಲು ಹೊರಗಿನವರಿಗೂ ಒಂದು ಹೆಡ್‌ಫೋನ್.

ನಾವು ಮಾಡಿದ್ದು ಇಷ್ಟೇ. ಪರೀಕ್ಷೆಯನ್ನು ಸಿಸ್ಟರ್ ಸರಿಯಾಗಿಯೇ ಮುಗಿಸುತ್ತಿದ್ದರು. ಬಂದವನ ಮುಖದಲ್ಲಿ ಏನೋ ಇದೆ ಅನ್ನಿಸಿದರೆ, ಮಾತಾಡಬೇಕಾ ಎಂದು ಮೆಲ್ಲಗೆ ಕೇಳುತ್ತಿದ್ದರು. ಹೂಂ ಅಂದವನ ಚೀಟಿಯಲ್ಲಿ ‘ಮರು ಪರೀಕ್ಷೆ’ ಎಂದು ಬರೆದು ಮಂಗಳವಾರವೋ ಶುಕ್ರವಾರವೋ ಬರಹೇಳುತ್ತಿದ್ದರು. ಆ ದಿನ ಯಂತ್ರದ ಮುಂದೆ ನಾನು ಕೂರುತ್ತಿದ್ದೆ. ಅವನ ಬೆನ್ನು ನನಗೆ, ನನ್ನ ದನಿ ಅವನ ಕಿವಿಗೆ.

ಆ ಬೆನ್ನುಗಳು ಎಷ್ಟು ಮಾತಾಡಿದವೆಂದರೆ ನನಗೇ ದಿಗಿಲಾಯಿತು. ಎದುರಿಗೆ ಮುಖವಿಲ್ಲದಿದ್ದರೆ ಗಂಡಸಿಗೆ ನಾಲಿಗೆ ಬರುತ್ತದೆ ಎಂದು ನನಗೆ ಯಾವ ತರಗತಿಯಲ್ಲೂ ಕಲಿಸಿರಲಿಲ್ಲ. ಸುತ್ತಿಗೆ ನಡೆಸುವ ಒಬ್ಬಾತ ಕೂತ ಕೂಡಲೇ, “ಸಾರ್, ನನ್ ಉಸಿರು ನನಗೇ ಕೇಳಿಸ್ತಿದೆ. ಯಾವ ಕಾಲ ಆಯ್ತು” ಎಂದು ಬಿಕ್ಕಿದ. ಅವನ ಹೆಂಡತಿ ತವರಿಗೆ ಹೋದದ್ದು, ಇನ್ನೊಬ್ಬನಿಗೆ ಹುಟ್ಟಿದ ಮಗು ಉಳಿಯದೆ ಹೋದದ್ದು, ಮತ್ತೊಬ್ಬ ಕುಡಿದು ಮಗನ ಮೇಲೆ ಕೈ ಮಾಡಿದ್ದು, ಎಲ್ಲ ಆ ಪೆಟ್ಟಿಗೆಯೊಳಗೆ ಹೊರಬಂತು. ಕ್ಯಾಂಟೀನಿನಲ್ಲಿ ಯಾರೂ ನಗಲಿಲ್ಲ. ಕಿವಿ ಪರೀಕ್ಷೆಗೆ ಹೋದವನನ್ನು ನೋಡಿ ನಗುವುದೇನಿದೆ? ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಕ್ರೇನ್ ಆಪರೇಟರ್ ಬಂದದ್ದು ಹೀಗೆಯೇ. ನಲವತ್ತರ ಆಸುಪಾಸಿನ ವಯಸ್ಸು, ಬಾಗಲಕೋಟೆ ಕಡೆಯವರು, ಲಗ್ಗೆರೆಯಲ್ಲಿ ಹೆಂಡತಿಯ ಜೊತೆ ಬಾಡಿಗೆ ಮನೆ. ಚಾವಣಿಯ ಹತ್ತಿರದ ಕ್ಯಾಬಿನ್ನಿನಲ್ಲಿ ಕೂತು, ಡೈ ಎಂದು ಕರೆಯುವ ಭಾರಿ ಕಬ್ಬಿಣದ ಅಚ್ಚುಗಳನ್ನು ಎತ್ತಿ ಸುತ್ತಿಗೆಗಳ ಹತ್ತಿರ ಇಳಿಸುವುದು ಅವರ ಕೆಲಸ. ಕೆಳಗೆ ಒಬ್ಬ ಅಚ್ಚಿಗೆ ಉಕ್ಕಿನ ಹಗ್ಗ ಬಿಗಿದು ಕೈಸನ್ನೆ ಮಾಡುತ್ತಾನೆ, ಅಪಾಯ ಕಂಡರೆ ಸೀಟಿ ಊದುತ್ತಾನೆ. ಹಾಗೆ ಕೆಳಗೆ ನಿಲ್ಲುತ್ತಿದ್ದವನು ಅವರ ಹೆಂಡತಿಯ ಸ್ವಂತ ತಮ್ಮ. ಊರಿಂದ ಕರೆತಂದು ಕೆಲಸಕ್ಕೆ ಸೇರಿಸಿದ್ದೂ ಇವರೇ. ಆ ವರ್ಷದ ಬೇಸಿಗೆಯಲ್ಲಿ ಒಂದು ಹಗ್ಗ ಹರಿದು ಅಚ್ಚು ಓಲಿ ಅವನ ಪಾದದ ಮೇಲೆ ಕೂತಿತು. ಪಾದ ತೆಗೆದರು. ಅವನು ಊರಿಗೆ ವಾಪಸಾದ. ಹಗ್ಗ ಸವೆದಿತ್ತು, ಆಪರೇಟರ್ ತಪ್ಪಿಲ್ಲ ಎಂದು ವಿಚಾರಣೆ ಮುಗಿದಿತ್ತು.

“ವಿಚಾರಣಿ ಮುಗದೈತ್ರಿ ಸರ. ನಂದ ಮುಗದಿಲ್ಲ” ಅಂದರು ಮೈಕಿನಲ್ಲಿ. “ಸೀಟಿ ಮೊದ್ಲ ಆತೋ, ಹಗ್ಗ ಮೊದ್ಲ ಹರೀತೋ. ಕಣ್ಣ ಮುಚ್ಚಿದ್ರ ಅದ ನಡೀತೈತಿ. ಒಮ್ಮೆ ಸೀಟಿ ಮೊದ್ಲ ಕೇಳತೈತಿ, ಒಮ್ಮೆ ಹಗ್ಗ ಮೊದ್ಲ ಹರಿತೈತಿ.”

“ಮನೆಯಲ್ಲಿ ಏನಂತಾರೆ?”

“ಆಕಿ ಒಂದ ಮಾತೂ ಅಂದಿಲ್ರಿ. ಬೈದಿದ್ರ ಚಲೋ ಇತ್ತು. ರೊಟ್ಟಿ ಬಡಿದು ಹಾಕತಾಳ, ಸುಮ್ನ ಕೂಡತಾಳ.”

ನಿದ್ದೆ ಇರಲಿಲ್ಲ, ಊಟ ಸೇರುತ್ತಿರಲಿಲ್ಲ. ಕ್ರೇನಿನ ಏಣಿ ಹತ್ತುವಾಗ ಕೈ ನಡುಗುತ್ತದೆ, ಮೇಲೆ ಕೂತ ಮೇಲೆ ನಿಲ್ಲುತ್ತದೆ ಅಂದರು. “ಮ್ಯಾಲಿದ್ದಾಗ ತಲಿ ತಣ್ಣಗಿರತೈತ್ರಿ.” ಅದನ್ನು ನಂಬಬೇಕೋ ಬೇಡವೋ ಎಂದು ತೂಗಿ ನೋಡಿದೆ. ಮೇಲೆ ಹೋಗಿ ಅವರ ಪಕ್ಕದಲ್ಲಿ ಕೂತು ಒಂದು ಪಾಳಿಯ ಅರ್ಧ ಅವರ ಕೈ ನೋಡಿದೆ. ಕೈ ಗಟ್ಟಿಯಾಗಿತ್ತು. ಪ್ರತಿ ಮಂಗಳವಾರ ಬನ್ನಿ ಅಂದೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ಆ ದಿನದ ಘಟನೆಯನ್ನು ಸ್ವಲ್ಪ ಸ್ವಲ್ಪವಾಗಿ ಬಾಯಿಬಿಟ್ಟು ಹೇಳಿಸಿದೆ. ಸರ್ಕಾರಿ ಆಸ್ಪತ್ರೆಗೆ ಹೋಗಿ ಮನೋವೈದ್ಯರನ್ನು ಕಾಣೋಣ ಎಂದಾಗಲೆಲ್ಲ, “ಅದೊಂದ ಬ್ಯಾಡ್ರಿ” ಎಂದು ತಲೆಯಾಡಿಸುತ್ತಿದ್ದರು.

ಹೀಗೆ ವಾರಗಳು ಕಳೆದವು. ಒಂದು ಮಂಗಳವಾರ ಹೋದರೆ ಕ್ರೇನಿನಲ್ಲಿ ಬೇರೆ ಯಾರೋ ಕೂತಿದ್ದಾರೆ. ಫೋರ್‌ಮನ್ ಅಲ್ಲಿಯೇ ಹುಟ್ಟಿ ಬೆಳೆದ ಮನುಷ್ಯ, ಪೀಣ್ಯದಲ್ಲಿ ಕಾರ್ಖಾನೆಗಳು ಬರುವ ಮೊದಲು ಅವರ ಮನೆಯವರು ಅಲ್ಲಿ ರಾಗಿ ಬೆಳೆದವರು. ನನ್ನನ್ನು ಪಕ್ಕಕ್ಕೆ ಕರೆದರು.

“ಸಾರ್, ಒಳ್ಳೆ ಕೆಲಸಗಾರ ಪಾಪ. ಆದ್ರೆ ವಾರ ವಾರ ಕಿವಿ ಟೆಸ್ಟ್ ಅಂದ್ರೆ ನನಗೇನ್ ಅರ್ಥ ಆಗಲ್ವಾ? ಸೀಟಿ ಊದಿದ್ರೆ ಕೇಳಿಸ್ದೇ ಇರೋನ್ನ ಮೇಲೆ ಕೂರ್ಸಿ, ನಾಳೆ ಇನ್ನೊಬ್ಬನ ಕಾಲ್ ಹೋದ್ರೆ ಯಾರ್ ಜವಾಬ್ದಾರಿ? ಸ್ಟೋರ್ಸಿಗೆ ಹಾಕಿದೀನಿ. ನೆರಳಲ್ಲಿ ಆರಾಮಾಗಿರ್ತಾನೆ. ಕಿವಿ ಮಂದ ಆಗಿದ್ಯೇನೋ ಅಂತ ನಾನೇ ಕೇಳ್ದೆ, ಹೂಂ ಅಂದ.”

ಬೇರೆಯವರು ಒಂದೆರಡು ಸಲ ಬಂದು ಹೋಗುತ್ತಿದ್ದರು, ಇವರನ್ನು ನಾನು ವಾರ ತಪ್ಪದೆ ಕರೆಸಿದ್ದೆ. ಕ್ರೇನ್ ನಡೆಸುವವನ ಕಿವಿಗೆ ಎಂಥ ಬೆಲೆ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

“ಯಾಕೆ ಹೂಂ ಅಂದ್ರಿ?” ಎಂದು ಪೆಟ್ಟಿಗೆಯಲ್ಲಿ ಕೇಳಿದೆ.

“ಮತ್ತೇನ ಅನಬೇಕಿತ್ರಿ? ಕಿವುಡ ಅಂದ್ರ ಯಾರೂ ನಗಂಗಿಲ್ಲ. ಹುಚ್ಚ ಅಂದ್ರ ಊರತನಕ ಸುದ್ದಿ ಮುಟ್ಟತೈತಿ. ನೀವೂ ಹೇಳಬ್ಯಾಡ್ರಿ ಸರ, ನಿಮ್ಮ ಕಾಲಿಗೆ ಬೀಳತೀನಿ.”

ನಾನು ಯಾರಿಗೂ ಹೇಳಲಿಲ್ಲ. ಸ್ವಲ್ಪ ದಿನ ಏಣಿ ಹತ್ತದೇ ಇರುವುದೂ ಒಳ್ಳೆಯದೇ ಎಂದು ಸಮಾಧಾನ ಹೇಳಿಕೊಂಡೆ. ಆದರೆ ಕಿವುಡುತನ ಪಾಳಿ ಮುಗಿದ ಮೇಲೆ ಕಳಚಿಡುವ ಸಮವಸ್ತ್ರವಲ್ಲ. ಲಗ್ಗೆರೆಯ ಅದೇ ಬೀದಿಯಲ್ಲಿ ಕಾರ್ಖಾನೆಯ ಇನ್ನೂ ಕೆಲವರಿದ್ದರು. ಸುದ್ದಿ ಅವರಿಗಿಂತ ಮೊದಲು ಮನೆಗೆ ಹೋಗಿತ್ತು. ಹೆಂಡತಿ ಕಿವಿಯ ಹತ್ತಿರ ಬಂದು ಕೂಗಿ ಮಾತಾಡತೊಡಗಿದರು. ಕರೆದರೆ ತಡವಾಗಿ ತಿರುಗುವುದನ್ನು ಇವರು ಕಲಿತರು, ಟಿ.ವಿ. ಜೋರಾಗಿಟ್ಟು ಕೂತರು. ಸ್ಟೋರ್ಸಿನಲ್ಲಂತೂ ಜನ ಅವರ ಮುಂದೆಯೇ ಅವರ ಬಗ್ಗೆ ಮಾತಾಡುತ್ತಿದ್ದರು. “ಆ ಹುಡುಗ ಸೀಟಿ ಊದಿದಾನೆ, ಇವನಿಗೆ ಕೇಳಿಸಿಲ್ಲ ಕಣೋ. ಅದಕ್ಕೇ ಕಾಲು ಹೋಗಿದ್ದು.” ಇವರು ನಟ್ಟು ಬೋಲ್ಟು ಎಣಿಸುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ಬರಬರುತ್ತ ಪೆಟ್ಟಿಗೆಯಲ್ಲೂ ಅವರ ಮಾತು ನಿಂತಿತು. ಮನೆಯಲ್ಲಿ ಏನಾದರೂ ಆಯಿತೇ ಎಂದರೆ “ಏನಿಲ್ರಿ” ಎಂಬ ಒಂದೇ ಉತ್ತರ. ಆ “ಏನಿಲ್ರಿ”ಯನ್ನು ಇನ್ನಷ್ಟು ಕೆದಕಬೇಕೆಂದುಕೊಂಡಿದ್ದೆ. ಅಷ್ಟರಲ್ಲಿ ಎಚ್.ಆರ್. ಮ್ಯಾನೇಜರ್ ಸಿಸ್ಟರನ್ನೂ ನನ್ನನ್ನೂ ಕರೆಸಿದರು.

“ಆ ಆಕ್ಸಿಡೆಂಟ್ ಫೈಲ್ ಮತ್ತೆ ಓಪನ್ ಮಾಡ್ತಿದೀವಿ. ಆಪರೇಟರ್‌ಗೆ ಕಿವಿ ಕೇಳ್ತಿರ್ಲಿಲ್ಲ ಅಂತ ಇಡೀ ಫ್ಯಾಕ್ಟರಿ ಹೇಳ್ತಿದೆ. ಆತನೂ ಒಪ್ಕೊಂಡಿದಾನೆ, ನನ್ನಿಂದ್ಲೇ ಆಯ್ತು ಅಂತ ಬರ್ಕೊಡ್ತೀನಿ ಅಂದಿದಾನೆ. ಶುಕ್ರವಾರ ಟೆಸ್ಟ್ ರಿಪೋರ್ಟ್ ಬೇಕು.”

ಮೂಲ ಪರೀಕ್ಷೆಯಲ್ಲಿ ಅವರ ಕಿವಿ ಚೆನ್ನಾಗಿಯೇ ಇತ್ತು. ಅದನ್ನು ಕೊಟ್ಟರೆ ಮುಂದಿನ ಪ್ರಶ್ನೆ, ಹಾಗಾದರೆ ವಾರ ವಾರ ಏಕೆ ಬಂದ? ಕೊಡದಿದ್ದರೆ ಸವೆದ ಹಗ್ಗದ ತಪ್ಪು ಅವರ ತಲೆಗೆ ಬರುತ್ತದೆ, ಅದೂ ಅವರದೇ ಸಹಿಯಲ್ಲಿ. ಶುಕ್ರವಾರ ಬೆಳಿಗ್ಗೆ ಅವರನ್ನು ಪೆಟ್ಟಿಗೆಯಲ್ಲಿ ಕೂರಿಸಿದೆ.

“ಬರೆದುಕೊಡಬೇಡಿ. ನಿಮ್ಮ ಕಿವಿ ಸರಿಯಿದೆ, ಇದು ಸುಳ್ಳು.”

“ಸುಳ್ಳಾದ್ರ ಏನಾತ್ರಿ. ನನ್ನಿಂದ ಆಗಿದ್ದಂತೂ ಖರೆ. ಎಲ್ಲಾರೂ ಅಂತಾರ. ಬರದ ಕೊಟ್ಟಬಿಟ್ರ ಒಂದ ಸಲಕ್ಕ ಮುಗೀತು.”

“ಏನು ಮುಗೀತು?”

ಇಂಥ ಹೊತ್ತಿನಲ್ಲಿ ಸುತ್ತಿ ಬಳಸಿ ಕೇಳಬಾರದು, ನೇರವಾಗಿ ಕೇಳಬೇಕು, ಕೇಳಿದರೆ ಯಾರ ತಲೆಗೂ ಹೊಸದಾಗಿ ಆ ಯೋಚನೆ ಬರುವುದಿಲ್ಲ ಎಂದು ನಮಗೆ ಹೇಳಿಕೊಟ್ಟಿದ್ದರು. ಕೇಳಿದೆ.

“ಸಾಯಬೇಕು ಅಂತ ಅನ್ನಿಸ್ತಿದೆಯಾ?”

ಅವರ ಬೆನ್ನು ಅಲುಗಲಿಲ್ಲ. ಹೆಡ್‌ಫೋನಿನಲ್ಲಿ ಅವರ ಉಸಿರು ಕೇಳುತ್ತಿತ್ತು. ಆಮೇಲೆ ನನ್ನ ಮುಂದಿನ ಯಂತ್ರದಲ್ಲಿ ದೀಪ ಹತ್ತಿತು. ಬಾಯಲ್ಲಿ ಹೇಳಲಾಗದೆ ಅವರು ಗುಂಡಿ ಒತ್ತಿದ್ದರು.

“ಹೇಗೆ ಅಂತ ಯೋಚನೆ ಮಾಡಿದ್ದೀರಾ?”

ಮತ್ತೆ ದೀಪ ಹತ್ತಿತು. ಈ ಸಲ ಬೆರಳು ತೆಗೆಯಲೇ ಇಲ್ಲ, ದೀಪ ಉರಿಯುತ್ತಲೇ ಇತ್ತು.

ಬಾಗಿಲು ತೆಗೆದು ಒಳಗೆ ಹೋಗಿ ಅವರ ಮುಂದೆ ಮಂಡಿಯೂರಿ ಕೂತೆ. ಅಷ್ಟು ವಾರಗಳಲ್ಲಿ ಮಾತಿನ ನಡುವೆ ಅವರ ಮುಖ ನೋಡಿದ್ದು ಅದೇ ಮೊದಲು. ಈ ಗುಟ್ಟನ್ನು ನಾನು ಇಟ್ಟುಕೊಳ್ಳಲಾರೆ, ನಿಮ್ಮ ಮನೆಯವರಿಗೂ ಇಲ್ಲಿನವರಿಗೂ ಹೇಳಬೇಕು, ಹೇಳಲು ಒಪ್ಪಿಗೆ ಕೊಡಿ ಎಂದು ಬೇಡಿಕೊಂಡೆ. ಅವರು ಕೊಡಲಿಲ್ಲ. ಸಿಸ್ಟರನ್ನು ಅವರ ಪಕ್ಕ ಕೂರಿಸಿ ನನ್ನ ಕೆಲಸ ನೋಡಿಕೊಳ್ಳುತ್ತಿದ್ದ ಹಿರಿಯ ಸಮಾಲೋಚಕರಿಗೆ ಫೋನ್ ಮಾಡಿದೆ. “ಜೀವ ಮೊದಲು. ಆದರೆ ಎಷ್ಟು ಬೇಕೋ ಅಷ್ಟೇ ಹೇಳು” ಅಂದರು ಅವರು. ಎಷ್ಟು ಬೇಕೋ ಅಷ್ಟು. ಫೋನಿನಲ್ಲಿ ಅದು ಸುಲಭವಾಗಿ ಕೇಳಿಸಿತ್ತು.

ಮ್ಯಾನೇಜರ್ ಮುಂದೆ ನಿಂತು, ಈತನ ಕಿವಿ ಸರಿಯಿದೆ, ಈತ ನನ್ನ ಹತ್ತಿರ ಮಾತಾಡಲು ಬರುತ್ತಿದ್ದರು, ಈಗ ತುರ್ತಾಗಿ ಚಿಕಿತ್ಸೆ ಬೇಕು ಅಂದೆ. ಅವರು ಒಳ್ಳೆಯ ಮನುಷ್ಯರೇ, ತಕ್ಷಣ ರಜೆಗೆ ಒಪ್ಪಿದರು. ಆದರೆ ನಂಬಲು ಅವರಿಗೆ ಪುರಾವೆ ಬೇಕಿತ್ತು. ತಪ್ಪು ನನ್ನದೇ ಎಂದು ಬರೆದುಕೊಡಲು ಯಾಕೆ ಒಪ್ಪಿದ, ಮರು ಪರೀಕ್ಷೆ ಚೀಟಿ ಯಾಕೆ ಅಷ್ಟೊಂದು? ಪೆಟ್ಟಿಗೆಯ ವ್ಯವಹಾರವನ್ನು ಬಿಡಿಸಿ ಹೇಳದೆ ಬೇರೆ ದಾರಿ ಇರಲಿಲ್ಲ. ಫೋರ್‌ಮನ್ ಕೂಡ ಅಲ್ಲೇ ಕೂತಿದ್ದರು. ಹೇಳಿ ಮುಗಿಸುವಷ್ಟರಲ್ಲಿ ಅವರ ಹಣೆ ಗಂಟಾಗಿತ್ತು.

“ಹಂಗಾದ್ರೆ ಮರು ಪರೀಕ್ಷೆಗೆ ಅಂತ ಹೋದೋರೆಲ್ಲ...” ಎಂದು ಶುರು ಮಾಡಿ ಅವರೇ ನಿಲ್ಲಿಸಿದರು. ಯಾರ್‍ಯಾರನ್ನು ಚೀಟಿ ನೋಡಿ ತಾವೇ ಕಳಿಸಿದ್ದರೆಂದು ಅವರು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು. ಯಾರ ಹೆಸರನ್ನೂ ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಒಬ್ಬರನ್ನು ಉಳಿಸಲು ಹೋಗಿ ನಾನು ಉಳಿದವರನ್ನೆಲ್ಲ ಕ್ಯಾಂಟೀನಿನ ಬಾಯಿಗೆ ಕೊಟ್ಟಿದ್ದೆ. ಅದು ಗೊತ್ತಿದ್ದೇ ಕೊಟ್ಟೆ. ಅವತ್ತಿನ ಮಟ್ಟಿಗೆ ಅದೇ ಸರಿ ಎಂದು ಇವತ್ತಿಗೂ ಅನ್ನುತ್ತೇನೆ, ಆದರೆ ಹಾಗೆ ಅಂದುಕೊಂಡ ಮಾತ್ರಕ್ಕೆ ಮನಸ್ಸು ಹಗುರಾಗುವುದಿಲ್ಲ.

ಪಾಳಿ ಬಿಡುವ ಹೊತ್ತಿಗೆ ಸುದ್ದಿ ಗೇಟು ದಾಟಿತ್ತು. ಉಸಿರು ಕೇಳಿಸಿತೆಂದು ಬಿಕ್ಕಿದ್ದ ಸುತ್ತಿಗೆಯಾತ ಗೇಟಿನ ಹತ್ತಿರ ಎದುರಾದ. “ನನ್ ಹೆಂಡ್ತಿ ವಿಷಯ ನಿಮಗೊಬ್ಬರಿಗೆ ಹೇಳಿದ್ದೆ ಸಾರ್” ಎಂದಷ್ಟೇ ಹೇಳಿ ಹೆಲ್ಮೆಟ್ ಹಾಕಿಕೊಂಡು ಹೊರಟುಹೋದ. ಅವನ ಹೆಂಡತಿಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಹಿಂದೆ ಓಡಿ ಅದನ್ನು ವಿವರಿಸಲು ನನಗೆ ಮುಖವಿರಲಿಲ್ಲ.

ಮುಂದೆ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಪೆಟ್ಟಿಗೆಗೆ ಮಾತಾಡಲು ಮತ್ತೆ ಯಾರೂ ಬರಲಿಲ್ಲ. ಮಾತು ಹಾಗಿರಲಿ, ನಿಜವಾದ ಕಿವಿ ಪರೀಕ್ಷೆಗೂ ಬರಲಿಲ್ಲ. ಶಬ್ದದಲ್ಲಿ ಕಿವಿ ಕಳೆದುಕೊಳ್ಳುತ್ತಿದ್ದವರೂ ‘ನಟ್ ಲೂಸ್’ ಅನ್ನಿಸಿಕೊಳ್ಳುವ ಭಯಕ್ಕೆ ದೂರ ಉಳಿದರು. ಸಿಸ್ಟರ್ ಅದಕ್ಕಾಗಿ ನನ್ನನ್ನು ಬಯ್ಯಲಿಲ್ಲ, ನನ್ನ ಜೊತೆ ಟೀ ಕುಡಿಯುವುದನ್ನು ಮಾತ್ರ ಬಿಟ್ಟರು. ಹಳೆಯ ವಿಚಾರಣೆಯ ತೀರ್ಮಾನ ಹಾಗೆಯೇ ಉಳಿಯಿತು. ಕ್ರೇನ್ ಆಪರೇಟರ್ ಆಸ್ಪತ್ರೆಗೆ ಸೇರಿದರು, ಬಹಳ ಕಾಲ ಮಾತ್ರೆ ತಗೊಂಡರು, ಚೇತರಿಸಿಕೊಂಡರು. ಬದುಕಿದ್ದಾರೆ.

ಆದರೆ ಆ ಶುಕ್ರವಾರ ಸಂಜೆ ಇದ್ಯಾವುದೂ ಗೊತ್ತಿರಲಿಲ್ಲ. ಆಸ್ಪತ್ರೆಯವರು ಬೆಳಿಗ್ಗೆ ಬರಹೇಳಿದ್ದರು, ಅಲ್ಲಿಯವರೆಗೆ ಅವರನ್ನು ಒಂಟಿ ಬಿಡಬಾರದು ಎಂದು ಹೆಂಡತಿಗೆ ಹೇಳಲು ನಾನೇ ಅವರ ಜೊತೆ ಆಟೋದಲ್ಲಿ ಲಗ್ಗೆರೆಗೆ ಹೋದೆ. ದಾರಿಯುದ್ದಕ್ಕೂ ಅವರು ನನ್ನ ಕಡೆ ತಿರುಗಲಿಲ್ಲ. ಒಂದೇ ಕೋಣೆ, ಪಕ್ಕದಲ್ಲಿ ಸಣ್ಣ ಅಡುಗೆಮನೆ. ಹೆಂಡತಿ ನನಗೆ ಚಾಪೆ ಹಾಸಿ, ಗಂಡನ ಕಿವಿಯ ಹತ್ತಿರ ಬಗ್ಗಿ, “ಯಾರ್ರಿ ಇವ್ರು? ಕಿವಿ ಡಾಕ್ಟ್ರಾ?” ಎಂದು ಕೂಗಿದರು.

ಅವರು ತಲೆ ಹಿಂದಕ್ಕೆ ಸರಿಸಿಕೊಂಡರು. “ಮೆಲ್ಲಗ ಮಾತಾಡು” ಅಂದರು. “ನನಗ ಕಿವಿ ಕೇಳತೈತಿ. ಮೊದಲಿಂದನೂ ಕೇಳತೈತಿ.”

ಆಕೆಗೆ ಮೊದಲು ಅರ್ಥವಾಗಲಿಲ್ಲ. ನನ್ನನ್ನು ನೋಡಿದರು, ಗಂಡನನ್ನು ನೋಡಿದರು. ನಾನು ಹೇಳಬೇಕಾದ್ದನ್ನು ಹೇಳತೊಡಗಿದೆ, ನಿದ್ದೆಯ ಬಗ್ಗೆ, ಗುಂಡಿಯ ಬಗ್ಗೆ, ಬೆಳಿಗ್ಗೆ ಹೋಗಬೇಕಾದ ಆಸ್ಪತ್ರೆಯ ಬಗ್ಗೆ. ಆಕೆ ಕೇಳಿಸಿಕೊಂಡರು, ಆದರೆ ಮನಸ್ಸು ಬೇರೆಲ್ಲೋ ಹಿಂದಕ್ಕೆ ಓಡುತ್ತಿತ್ತು. ಗಂಡನ ಮುಂದೆ ಬಂದು ಕೂತರು.

“ಅವತ್ತ ನಾ ನಮ್ಮವ್ವನ ಕೂಡ ಫೋನಿನ್ಯಾಗ ಅಂದದ್ದು... ಅದೂ ಕೇಳಿಸಿತ್ತೇನ್ರಿ?”

“ಕೇಳಿಸಿತ್ತು.”

ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಏನು ಅಂದಿದ್ದರೆಂದು ನಾನು ಕೇಳಲಿಲ್ಲ. ಆಕೆಯೇ ಹೇಳಿದರು, ನನಗಲ್ಲ, ಅವರಿಗೆ. “ಇವ್ರ ಕರಕೊಂಡ ಬರದಿದ್ರ ನನ್ನ ತಮ್ಮ ಕಾಲ ಮ್ಯಾಲ ನಿಂತಿರತಿದ್ದ ಅಂದಿದ್ದೆ. ಇವ್ರ ಮಾರಿ ನೋಡಾಕ ಆಗವಲ್ದು ಅಂದಿದ್ದೆ. ನಿಮ್ಮ ಮುಂದ ಒಂದ ದಿನಾನೂ ಅನಬಾರ್ದು ಅಂತ ಹಲ್ಲ ಕಚ್ಚಿ ಇದ್ದೆ ನಾ. ಕೇಳಂಗಿಲ್ಲ ಅಂತ ತಿಳದು, ನಿಮ್ಮ ಬಾಜೂಕ ಕುಂತು ಅಂದೆ.”

“ಖರೇನ ಅಂದಿ” ಅಂದರು ಅವರು.

ತಿಂಗಳುಗಟ್ಟಲೆ ಆಕೆ ಕಾಪಾಡಿಕೊಂಡು ಬಂದಿದ್ದ ಮೌನವನ್ನು ನನ್ನ ಉಪಾಯ ಒಡೆದಿತ್ತು. ಪೆಟ್ಟಿಗೆಯಲ್ಲಿ ಅವರ ಮಾತು ನಿಂತದ್ದು ಯಾವಾಗಿನಿಂದ ಎಂಬುದು ನನಗೆ ಈಗ ಗೊತ್ತಾಯಿತು.

ಆಕೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ. “ಸರ, ಇವ್ರಿಗೆ ಕಿವಿ ಕೇಳತೈತಿ ಅಂತ ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

“ಗೊತ್ತಿತ್ತು” ಎಂದು ಆಕೆ ಮೆಲ್ಲಗೆ ನನ್ನ ಮಾತನ್ನೇ ಹೇಳಿದರು. “ನನಗೊಬ್ಬಾಕಿಗೆ ಹೇಳಿದ್ರ ಆಗತಿತ್ತಲ್ರಿ. ನಾ ಬಾಯಿ ಮುಚಗೊಂಡ ಇರತಿದ್ದೆ.”

“ಅವ್ರಿಗ್ಯಾಕ ಅಂತಿ. ನಾನ ಹೇಳಬ್ಯಾಡ್ರಿ ಅಂದಿದ್ದೆ. ಚಾ ಇಡು” ಅಂದರು ಗಂಡ.

ಆಕೆ ಏಳಲಿಲ್ಲ. ಕೈ ಚಾಚಿ ಅವರ ಮೊಣಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. ನಾನು ಬೆಳಿಗ್ಗೆ ಬರುತ್ತೇನೆ ಎಂದು ಎದ್ದು ಚಪ್ಪಲಿ ಹಾಕಿಕೊಂಡು ಬಾಗಿಲು ದಾಟುವವರೆಗೂ ಆ ಹಿಡಿತ ಬಿಡಲಿಲ್ಲ, ನನ್ನ ಕಡೆ ಮತ್ತೆ ನೋಡಲೂ ಇಲ್ಲ.